ಮಡಿಚಿಕೊಂಡ ಬೆರಳಿಗೆ ಕಿಣ್ವದ ಚುಚ್ಚುಮದ್ದು



ಮಾತಿಗೆ ತೊಡಗುವ ಮೊದಲು ನೀವು ಒಂದು ಸಣ್ಣ ಕೆಲಸ ಮಾಡಬೇಕು. ಹತ್ತಿರದಲ್ಲಿ ಮಣೆಯೋ ಹಲಗೆಯೋ ಇದ್ದರೆ ಅದರ ಮೇಲೆ ಬಲಗೈಯನ್ನು ಅಂಗೈ ಕೆಳಗಾಗಿ ಊರಿರಿ. ಐದು ಬೆರಳೂ ಅಂಗೈಯೂ ಹಲಗೆಗೆ ಅಂಟಿ ಕೂತವೇ? ಈಗ ಎಡಗೈ ಊರಿರಿ. ಅದೂ ಕೂತಿದ್ದರೆ ಸಂತೋಷ. ಹಾಗೆ ಕೂರದೆ ಉಂಗುರಬೆರಳೋ ಕಿರುಬೆರಳೋ ಕಮಾನಿನ ಹಾಗೆ ಬಾಗಿ, ಎಷ್ಟು ಒತ್ತಿದರೂ ಕೆಳಗೆ ಸಂದು ಉಳಿದರೆ, ಇಂದಿನ ಮಾತು ನಿಮಗಾಗಿಯೇ ಎಂದು ತಿಳಿಯಿರಿ.

ಅರವತ್ತು ದಾಟಿದ ಒಬ್ಬ ಯಜಮಾನರು ಇದ್ದಾರೆಂದು ಇಟ್ಟುಕೊಳ್ಳೋಣ. ಕೆಲವು ವರ್ಷಗಳ ಹಿಂದೆ ಅವರ ಅಂಗೈಯಲ್ಲಿ, ಉಂಗುರಬೆರಳಿನ ಬುಡದ ನೇರಕ್ಕೆ, ಅವರೆಕಾಳಿನಷ್ಟು ಒಂದು ಗಂಟು ಕಂಡಿತು. ಗುದ್ದಲಿ ಹಿಡಿದ ಕೈ, ಜಡ್ಡು ಕಟ್ಟಿದೆ ಎಂದು ಸುಮ್ಮನಾದರು. ನೋವೇನೂ ಇರಲಿಲ್ಲ. ಬರಬರುತ್ತಾ ಗಂಟಿನ ಪಕ್ಕದಲ್ಲಿ ಚರ್ಮ ಗುಳಿ ಬಿತ್ತು. ಆಮೇಲೆ ಅಂಗೈಯಿಂದ ಬೆರಳಿನವರೆಗೆ ಒಂದು ಹುರಿ ಎದ್ದು ಬಂತು. ಆ ಹುರಿ ಬೆರಳನ್ನು ಒಳಕ್ಕೆ ಎಳೆಯತೊಡಗಿತು. ಈಗ ಯಜಮಾನರು ಮುಖ ತೊಳೆಯಲು ಹೋದರೆ ಬೆರಳು ಕಣ್ಣಿಗೆ ಚುಚ್ಚುತ್ತದೆ. ಜೇಬಿಗೆ ಕೈ ಹಾಕಿದರೆ ಸಿಕ್ಕಿಹಾಕಿಕೊಳ್ಳುತ್ತದೆ. ಕುಡುಗೋಲು ಹಿಡಿದರೆ ಬಿಡುವುದು ಕಷ್ಟ. ಮದುವೆ ಮನೆಗೆ ಹೋದರೆ ಕೈಯನ್ನು ವಲ್ಲಿಯ ಒಳಗೆ ಇಟ್ಟುಕೊಂಡೇ ಕೂರುತ್ತಾರೆ. ಯಾಕೆಂದರೆ ನೋಡಿದವರು ಏನೇನೋ ಅಂದುಕೊಳ್ಳುತ್ತಾರೆ. “ನರ ಬಿಗಿದಿದೆ, ಎಣ್ಣೆ ಹಚ್ಚಿ ಎಳೆಸಿ” ಎಂದು ಒಬ್ಬರು ಹೇಳುತ್ತಾರೆ. “ಅದು ಆ ದೊಡ್ಡ ರೋಗವೇ ಇರಬೇಕು” ಎಂದು ಇನ್ನೊಬ್ಬರು ಪಿಸುಗುಟ್ಟುತ್ತಾರೆ. ಇವೆರಡೂ ತಪ್ಪು.

ನಿಜವಾಗಿ ಕೈಯೊಳಗೆ ಏನಾಗಿದೆ ನೋಡೋಣ. ಅಂಗೈಯ ಚರ್ಮದ ಅಡಿಯಲ್ಲಿ ನಾರಿನ ಒಂದು ಹಾಳೆ ಇದೆ. ಅಡಿಕೆ ಹಾಳೆಯ ಹಾಗೆ ತೆಳುವಾದರೂ ಗಟ್ಟಿ. ಅದು ಬೆರಳುಗಳ ಕಡೆಗೆ ಬೀಸಣಿಗೆಯಂತೆ ಹರಡಿದೆ. ನಾವು ಗುದ್ದಲಿಯ ಕಾವು ಹಿಡಿದಾಗ ಅಂಗೈಯ ಚರ್ಮ ಜಾರಿಹೋಗದೆ ಬಿಗಿಯಾಗಿ ನಿಲ್ಲುವುದು ಈ ಹಾಳೆಯಿಂದಲೇ. ಇದರ ನಾರಿಗೆ ಕೊಲಾಜೆನ್ ಎಂದು ಹೆಸರು. ಕೆಲವರಲ್ಲಿ ಈ ಹಾಳೆಯೊಳಗಿನ ಜೀವಕೋಶಗಳು ಬೇಡದ ನಾರನ್ನು ನೇಯುತ್ತಾ, ತಾವೂ ಕುಗ್ಗುತ್ತಾ ಹೋಗುತ್ತವೆ. ಹಗ್ಗವನ್ನು ಹೊಸೆದಷ್ಟೂ ಅದು ಗಿಡ್ಡವಾಗುವುದಿಲ್ಲವೇ, ಹಾಗೆಯೇ ಹಾಳೆಯ ಒಂದು ಭಾಗ ಹುರಿಯಾಗಿ ಗಿಡ್ಡವಾಗುತ್ತದೆ, ಬೆರಳು ಮಡಿಚಿಕೊಳ್ಳುತ್ತದೆ. ಆದ್ದರಿಂದ ಬಿಗಿದಿರುವುದು ನರವಲ್ಲ. ಬೆರಳನ್ನು ಆಡಿಸುವ ಮಿಣಿಯೂ ಅಲ್ಲ. ಮಿಣಿ ಎಂದು ನಾನು ಹೇಳುವುದು ತೋಳಿನ ಸ್ನಾಯುವಿನಿಂದ ಬೆರಳಿಗೆ ಬರುವ ಸ್ನಾಯುರಜ್ಜುವನ್ನು. ಅದು ಚೆನ್ನಾಗಿಯೇ ಇದೆ. ಕೆಟ್ಟಿರುವುದು ಅದರ ಮೇಲಿನ ಹಾಳೆ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿರಿ; ಮುಂದೆ ಇದೇ ಮುಖ್ಯವಾಗುತ್ತದೆ.

ಈ ಬೇನೆಗೆ ಡುಪ್ಯುಟ್ರೆನ್ ಬಿಗಿತ ಎಂದು ವೈದ್ಯರು ಹೇಳುತ್ತಾರೆ. ಡುಪ್ಯುಟ್ರೆನ್ ಎಂಬುವರು ಪ್ಯಾರಿಸ್ ನಗರದ ದೊಡ್ಡ ಶಸ್ತ್ರವೈದ್ಯರು. 1831ರಲ್ಲಿ ಅವರು ದ್ರಾಕ್ಷಾರಸದ ವ್ಯಾಪಾರಿಯೊಬ್ಬನ ಮಡಿಚಿದ ಬೆರಳಿಗೆ ಶಸ್ತ್ರಕ್ರಿಯೆ ಮಾಡಿ, ತಪ್ಪು ಇರುವುದು ಮಿಣಿಯಲ್ಲಲ್ಲ, ಅಂಗೈಯ ಹಾಳೆಯಲ್ಲಿ ಎಂದು ವಿದ್ಯಾರ್ಥಿಗಳಿಗೆ ತೋರಿಸಿಕೊಟ್ಟರು. ಅವರಿಗಿಂತ ಮೊದಲೇ ಇಂಗ್ಲೆಂಡಿನ ಕೆಲವು ವೈದ್ಯರು ಇದನ್ನು ಕಂಡಿದ್ದರು. ಆದರೆ ಹೆಸರು ಉಳಿದದ್ದು ಇವರದು. ಅವರ ರೋಗಿಗಳಲ್ಲಿ ಕುದುರೆಗಾಡಿ ಹೊಡೆಯುವವನೂ ಒಬ್ಬನಿದ್ದ. ಚಾಟಿಯ ಕಾವು ಅಂಗೈಗೆ ಒತ್ತಿ ಒತ್ತಿ ಹೀಗಾಗಿದೆ ಎಂದು ಅವರು ಭಾವಿಸಿದ್ದರು. ಇಂದು ನಾವು ತಿಳಿದಿರುವಂತೆ ಹೆಚ್ಚಿನ ಕಾರಣ ವಂಶದಲ್ಲಿದೆ. ಯೂರೋಪಿನ ಉತ್ತರ ಭಾಗದ ಜನರಲ್ಲಿ, ಅದರಲ್ಲೂ ಐವತ್ತು ದಾಟಿದ ಗಂಡಸರಲ್ಲಿ, ಇದು ಬಹಳ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರಿಗೂ ಇದು ಬಂದು, 1986ರಲ್ಲಿ ಶಸ್ತ್ರಕ್ರಿಯೆ ಆಯಿತು. ಭಾರಿ ಕೈಕೆಲಸ ಮಾಡಿದವರಲ್ಲಿ, ಅದುರುವ ಯಂತ್ರ ಹಿಡಿದು ಬಹುಕಾಲ ದುಡಿದವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ, ಹೆಂಡ ಕುಡಿಯುವವರಲ್ಲಿ ಸಂಭವ ಹೆಚ್ಚೆಂದು ಕಂಡುಬಂದಿದೆ.

“ಹಾಗಾದರೆ ಇದು ಪರದೇಶದ ರೋಗ, ನಮಗೇಕೆ ಸ್ವಾಮಿ ಈ ಮಾತು?” ಎಂದು ನೀವು ಕೇಳಬಹುದು. ನಮ್ಮಲ್ಲಿ ಇದು ಕಡಿಮೆ, ಆದರೆ ಇಲ್ಲವೆಂದಲ್ಲ. ಸಿಹಿಮೂತ್ರ ರೋಗ, ಅಂದರೆ ಸಕ್ಕರೆ ಕಾಯಿಲೆ ಅಂತೀವಲ್ಲ, ಅದು ಬಹಳ ವರ್ಷದಿಂದ ಇರುವವರಲ್ಲಿ ಇದು ಬರುತ್ತದೆ. ಸಕ್ಕರೆ ಕಾಯಿಲೆ ಈಗ ಪೇಟೆಯವರ ಸೊತ್ತಾಗಿ ಉಳಿದಿಲ್ಲ, ಹಳ್ಳಿಗೂ ಬಂದಿದೆ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಬೆರಳು ಮಡಿಚಿಕೊಳ್ಳುವ ಬೇನೆ ಹಲವು ಬಗೆ. ಒಂದರ ಮದ್ದು ಇನ್ನೊಂದಕ್ಕೆ ಆಗದು. ಆದ್ದರಿಂದ ಮೊದಲು ಬೇನೆಯನ್ನು ಗುರುತು ಹಿಡಿಯಬೇಕು.

ಬೆರಳು ಮಡಿಚಿದಾಗ ಸಿಕ್ಕಿಕೊಂಡು, ಬಿಚ್ಚುವಾಗ ‘ಕಟಕ್’ ಎಂದು ಬಿಚ್ಚಿಕೊಂಡರೆ ಅದು ಬೇರೆ. ಅಲ್ಲಿ ಮಿಣಿ ತನ್ನ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತಿದೆ. ಕೈಮುಗಿದಾಗ ಎರಡು ಅಂಗೈಗಳೂ ಸೇರದೆ, ಎಲ್ಲ ಬೆರಳೂ ಬಿರುಸಾಗಿ, ನಡುವೆ ಸಂದು ಉಳಿದರೆ ಅದು ಸಕ್ಕರೆ ಕಾಯಿಲೆಯಿಂದ ಬರುವ ಇನ್ನೊಂದು ಬಗೆಯ ಬಿರುಸುತನವಿರಬಹುದು. ಸುಟ್ಟ ಗಾಯದ ಕಲೆ ಎಳೆದಿದ್ದರೆ ಅದನ್ನು ಕಣ್ಣೇ ಹೇಳುತ್ತದೆ. ಕುಷ್ಠರೋಗದಲ್ಲೂ ಕಿರುಬೆರಳು, ಉಂಗುರಬೆರಳು ಬಾಗುತ್ತವೆ. ಆದರೆ ಅಲ್ಲಿ ಅಂಗೈಯಲ್ಲಿ ಗಂಟು, ಹುರಿ ಇರುವುದಿಲ್ಲ. ಮೊದಮೊದಲು ಇನ್ನೊಂದು ಕೈಯಿಂದ ಮೆಲ್ಲಗೆ ಎತ್ತಿದರೆ ಬೆರಳು ನೆಟ್ಟಗಾಗುತ್ತದೆ. ಹತ್ತಿಯ ಎಳೆ ಸವರಿದರೆ ಆ ಭಾಗಕ್ಕೆ ತಿಳಿಯುವುದಿಲ್ಲ, ಸ್ಪರ್ಶ ಹೋಗಿರುತ್ತದೆ. ಹಾಗಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿಯಾಗಿಯೇ ಗುಳಿಗೆ ಕೊಡುತ್ತಾರೆ, 6ರಿಂದ 12 ತಿಂಗಳಲ್ಲಿ ರೋಗ ವಾಸಿಯಾಗುತ್ತದೆ. ಡುಪ್ಯುಟ್ರೆನ್ ಬಿಗಿತದಲ್ಲಾದರೋ ಸ್ಪರ್ಶ ಇರುತ್ತದೆ, ಹುರಿ ಕೈಗೆ ಸಿಗುತ್ತದೆ, ಬೆರಳು ಎಷ್ಟು ಎತ್ತಿದರೂ ನೆಟ್ಟಗಾಗುವುದಿಲ್ಲ. ಇದು ಅಂಟುರೋಗವೂ ಅಲ್ಲ.

ಈಗ ಚುಚ್ಚುಮದ್ದಿನ ವಿಷಯಕ್ಕೆ ಬರೋಣ. ಇದನ್ನು ನಿಮಗೆ ತಿಳಿಸಿ ಹೇಳುವುದು ಸುಲಭ, ಯಾಕೆಂದರೆ ಇದರ ಹಿಂದಿನ ತತ್ತ್ವವನ್ನು ನೀವು ಮನೆಯಲ್ಲೇ ಕಂಡಿದ್ದೀರಿ. ಬೇಯದ ಮಾಂಸಕ್ಕೆ ಪರಂಗಿ ಕಾಯಿಯ ತುಂಡು ಹಾಕುತ್ತಾರೆ. ಅದರ ಹಾಲಿನಲ್ಲಿರುವ ಕಿಣ್ವ ಮಾಂಸವನ್ನು ಮೆತ್ತಗೆ ಮಾಡುತ್ತದೆ. ಪುಂಡಿಯನ್ನು ಹೊಂಡದ ನೀರಿನಲ್ಲಿ ಕೊಳೆಹಾಕುತ್ತೀರಿ. ನೀರಿನ ಸೂಕ್ಷ್ಮಜೀವಿಗಳು ಕಿಣ್ವ ಬಿಟ್ಟು ತೊಗಟೆಯ ಅಂಟನ್ನು ಕರಗಿಸುತ್ತವೆ, ನಾರು ಬಿಡುತ್ತದೆ. ಕಿಣ್ವ ಎಂದರೆ ಇಷ್ಟೇ: ಜೀವಿಗಳು ತಯಾರಿಸುವ, ಒಂದು ಪದಾರ್ಥವನ್ನು ಒಡೆಯುವ ಅಥವಾ ಕಟ್ಟುವ ಸಾಧನ. ಒಂದೊಂದು ಕಿಣ್ವಕ್ಕೆ ಒಂದೊಂದು ಕೆಲಸ. ಕೊಲಾಜೆನ್ ನಾರನ್ನು ಕತ್ತರಿಸುವ ಕಿಣ್ವಕ್ಕೆ ಕೊಲಾಜಿನೇಸ್ ಎಂದು ಹೆಸರು.

ಈ ಕಿಣ್ವ ಸಿಕ್ಕಿದ್ದು ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1916ರಲ್ಲಿ, ವೈನ್‌ಬರ್ಗ್ ಮತ್ತು ಸೆಗೆನ್ ಎಂಬ ವಿಜ್ಞಾನಿಗಳು ಕೊಳೆತ ಗಾಯಗಳಲ್ಲಿ ಅದನ್ನು ಕಂಡುಹಿಡಿದರು. ಕ್ಲಾಸ್ಟ್ರಿಡಿಯಂ ಹಿಸ್ಟೋಲಿಟಿಕಂ ಎಂದು ಅದರ ಹೆಸರಾಯಿತು. ನಿಮ್ಮ ದನಗಳಿಗೆ ಚಪ್ಪೆ ರೋಗ ತರುವುದು, ನಮಗೆ ಧನುರ್ವಾಯು ತರುವುದು, ಎರಡನ್ನೂ ವೈದ್ಯರು ಇದೇ ಕ್ಲಾಸ್ಟ್ರಿಡಿಯಂ ಗುಂಪಿನಲ್ಲಿ ಎಣಿಸುತ್ತಾರೆ. ಹೆದರಬೇಡಿರಿ. ಚುಚ್ಚುಮದ್ದಿನಲ್ಲಿ ಆ ಜೀವಿ ಇರುವುದಿಲ್ಲ. ಅದು ಮಾಡಿಕೊಟ್ಟ ಕಿಣ್ವವನ್ನು ಮಾತ್ರ ಶುದ್ಧಮಾಡಿ ಪುಡಿಯಾಗಿ ಸೀಸೆಯಲ್ಲಿ ತುಂಬಿರುತ್ತಾರೆ. ಈ ಕಿಣ್ವವನ್ನು ಮಡಿಚಿದ ಬೆರಳಿಗೆ ಉಪಯೋಗಿಸುವ ಪ್ರಯೋಗಗಳನ್ನು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಸ್ಟೋನಿ ಬ್ರೂಕ್‌ನಲ್ಲಿ ಲಾರೆನ್ಸ್ ಹರ್ಸ್ಟ್, ಮೇರಿ ಬಡಾಲಮೆಂಟಿ ಎಂಬುವರು ನಡೆಸಿದರು. 2010ರಲ್ಲಿ ಅಮೆರಿಕ ಸರ್ಕಾರ ಇದಕ್ಕೆ ಒಪ್ಪಿಗೆ ಕೊಟ್ಟಿತು, 2011ರಲ್ಲಿ ಯೂರೋಪಿನಲ್ಲಿಯೂ ಒಪ್ಪಿಗೆ ಸಿಕ್ಕಿತು.

ಚಿಕಿತ್ಸೆ ನಡೆಯುವ ಕ್ರಮ ಹೀಗೆ. ಪುಡಿಯನ್ನು ದ್ರವದಲ್ಲಿ ಕರಗಿಸಿ, 0.58 ಮಿಲಿಗ್ರಾಮಿನಷ್ಟು ಮದ್ದನ್ನು ವೈದ್ಯರು ಬಹು ಸಣ್ಣ ಸೂಜಿಯಿಂದ ಹುರಿಯೊಳಗೆ ಚುಚ್ಚುತ್ತಾರೆ. ರೋಗಿ ಮನೆಗೆ ಹೋಗುತ್ತಾನೆ. ಕೈಯನ್ನು ಎತ್ತಿ ಇಟ್ಟುಕೊಳ್ಳಬೇಕು. ಮಡಿಚುವುದು, ಎಳೆಯುವುದು ಯಾವುದನ್ನೂ ಮಾಡಕೂಡದು. ಒಳಗೆ ಕಿಣ್ವ ನಾರನ್ನು ಕಡಿಯುತ್ತಿರುತ್ತದೆ. ಮರುದಿನವೋ, ಮೂರು ದಿನದೊಳಗೋ ರೋಗಿ ಹಿಂದಿರುಗುತ್ತಾನೆ. ಆಗ ವೈದ್ಯರು ಕೈಯನ್ನು ಮರಗಟ್ಟಿಸಿ, ಬೆರಳನ್ನು ಹಿಡಿದು ನಿಧಾನವಾಗಿ ನೆಟ್ಟಗೆ ಮಾಡುತ್ತಾರೆ. ಸಡಿಲವಾದ ಹುರಿ ಹರಿಯುತ್ತದೆ. ಕೆಲವು ಸಲ ‘ಟಪ್’ ಎಂದು ಸದ್ದೂ ಕೇಳಿಸುತ್ತದೆ. ಅಂದರೆ ಮದ್ದು ತಾನಾಗಿಯೇ ಬೆರಳನ್ನು ನೆಟ್ಟಗೆ ಮಾಡುವುದಿಲ್ಲ. ಅದು ಹಗ್ಗವನ್ನು ಸವೆಸುತ್ತದೆ, ಹರಿಯುವುದು ವೈದ್ಯರ ಕೈ. ಆಮೇಲೆ ಕೆಲವು ತಿಂಗಳು ರಾತ್ರಿ ಹೊತ್ತು ಬೆರಳಿಗೆ ಆಧಾರದ ಪಟ್ಟಿ ಕಟ್ಟಿಕೊಳ್ಳಬೇಕು, ಹಗಲು ವ್ಯಾಯಾಮ ಮಾಡಬೇಕು. ಸಾಲದಿದ್ದರೆ ನಾಲ್ಕು ವಾರಗಳ ಅಂತರದಲ್ಲಿ ಇನ್ನೂ ಎರಡು ಸಲದವರೆಗೆ ಚುಚ್ಚುಮದ್ದು ಕೊಡಬಹುದು.

ಫಲ ಹೇಗೆ? 2009ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ 308 ರೋಗಿಗಳಿದ್ದರು. ಕೆಲವರಿಗೆ ನಿಜವಾದ ಮದ್ದು, ಕೆಲವರಿಗೆ ಮದ್ದಿಲ್ಲದ ದ್ರವ. ಮದ್ದು ಕೊಟ್ಟಲ್ಲಿ ನೂರಕ್ಕೆ 64 ಗಿಣ್ಣುಗಳು ಹೆಚ್ಚುಕಡಿಮೆ ಪೂರ್ತಿ ನೆಟ್ಟಗಾದವು. ಬರಿಯ ದ್ರವ ಕೊಟ್ಟಲ್ಲಿ ನೂರಕ್ಕೆ 7 ಕೂಡ ಆಗಲಿಲ್ಲ. ಇದರಲ್ಲಿ ನಾವು ಗಮನಿಸತಕ್ಕ ಒಂದು ಅಂಶವಿದೆ. ಬೆರಳಿನ ಬುಡದ ಗಿಣ್ಣು ಬಾಗಿದ್ದವರಲ್ಲಿ ನೂರಕ್ಕೆ 77ರಷ್ಟು ಫಲ ಸಿಕ್ಕಿತು. ನಡುಗಿಣ್ಣು ಬಾಗಿದ್ದವರಲ್ಲಿ ನೂರಕ್ಕೆ 40 ಮಾತ್ರ. ನಡುಗಿಣ್ಣು ಬಹುಕಾಲ ಮಡಿಚೇ ಇದ್ದರೆ ಗಿಣ್ಣಿನ ಕೀಲೇ ಬಿರುಸಾಗಿಬಿಡುತ್ತದೆ. ಆಮೇಲೆ ಹುರಿ ಕಡಿದರೂ ಬೆರಳು ಬಿಡದು. ಬಾಗಿಲು ವರ್ಷಗಟ್ಟಲೆ ಮುಚ್ಚಿದ್ದರೆ ತಿರುಗಣೆ ತುಕ್ಕು ಹಿಡಿಯುವುದಿಲ್ಲವೇ, ಹಾಗೆ. ಬೇಗ ಹೋಗಿರಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಗುಣ ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಚುಚ್ಚಿದ ಕೈ ಬಾತುಕೊಳ್ಳುವುದು, ಕಪ್ಪುಗಟ್ಟುವುದು, ನೋಯುವುದು, ಕಂಕುಳಲ್ಲಿ ಗಡ್ಡೆ ಏಳುವುದು ಸಾಮಾನ್ಯ. ಅವು ದಿನಗಳಲ್ಲಿ ಇಳಿಯುತ್ತವೆ. ಬೆರಳು ಎಳೆಯುವಾಗ ಚರ್ಮ ಬಿರಿಯಬಹುದು. ಎಲ್ಲಕ್ಕಿಂತ ಭಯದ ಮಾತೆಂದರೆ ಮಿಣಿ ಹರಿಯುವುದು. ಬೆರಳಿನ ಮಿಣಿಯೂ ಕೊಲಾಜೆನ್ ನಾರಿನದೇ. ಕಿಣ್ವಕ್ಕೆ ಹುರಿ ಯಾವುದು, ಮಿಣಿ ಯಾವುದು ಎಂಬ ಭೇದ ತಿಳಿಯದು. ಸೂಜಿ ಕೂದಲೆಳೆಯಷ್ಟು ಆಳಕ್ಕೆ ಇಳಿದರೂ ಕೇಡಾಗಬಹುದು. ಆಗ ಹೇಳಿದ ಪರೀಕ್ಷೆಯಲ್ಲೇ ಇಬ್ಬರಿಗೆ ಮಿಣಿ ಹರಿಯಿತು. ಅಪರೂಪವೇನೋ ನಿಜ, ಆದರೆ ಕೈಯ ರಚನೆಯನ್ನು ಚೆನ್ನಾಗಿ ಬಲ್ಲ, ಇದರಲ್ಲಿ ಪಳಗಿದ ವೈದ್ಯರು ಮಾತ್ರ ಮಾಡತಕ್ಕ ಕೆಲಸವಿದು. ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ನುಂಗುತ್ತಿರುವವರು ಅದನ್ನು ಮೊದಲೇ ಹೇಳಬೇಕು. ಇನ್ನೊಂದು ಎಚ್ಚರಿಕೆ. ಪರಂಗಿಯ ಮಾತು ಕೇಳಿ ಯಾರೂ ಪರಂಗಿ ಹಾಲನ್ನು ಅಂಗೈಗೆ ಹಚ್ಚಿಕೊಳ್ಳಬೇಡಿರಿ. ಅದು ಚರ್ಮ ಸುಡುತ್ತದೆಯೇ ಹೊರತು ಹುರಿಯನ್ನು ಮುಟ್ಟುವುದಿಲ್ಲ.

ಮತ್ತೆ, ಹುರಿ ಹರಿದರೂ ಬೇನೆಯ ಬೇರು ಹೋಗುವುದಿಲ್ಲ. ಗರಿಕೆಯನ್ನು ಮೇಲೆ ಕೊಯ್ದರೆ ಮತ್ತೆ ಚಿಗುರುವ ಹಾಗೆ ಇದೂ ಚಿಗುರಬಹುದು. ಚುಚ್ಚುಮದ್ದಿನಿಂದ ನೆಟ್ಟಗಾದ ಗಿಣ್ಣುಗಳನ್ನು ಐದು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ನೂರಕ್ಕೆ 47 ಮತ್ತೆ ಬಾಗಿದ್ದವು.

“ಬೇರೆ ದಾರಿ ಇದೆಯೇ?” ಇದೆ, ಎರಡು ದಾರಿ. ಒಂದು, ಬರಿಯ ಸೂಜಿಯ ಮೊನೆಯಿಂದಲೇ ಚರ್ಮದ ಮೇಲಿನಿಂದ ಹುರಿಯನ್ನು ಅಲ್ಲಲ್ಲಿ ಕಡಿದು ಬೆರಳನ್ನು ಬಿಡಿಸುವುದು. ಬೇಗ ಮುಗಿಯುತ್ತದೆ, ಬೇಗ ಕೆಲಸಕ್ಕೆ ಮರಳಬಹುದು. ಆದರೆ ಬೇಗ ಮರುಕಳಿಸುತ್ತದೆ. ಇನ್ನೊಂದು, ಶಸ್ತ್ರಕ್ರಿಯೆ ಮಾಡಿ ಕೆಟ್ಟ ಹಾಳೆಯನ್ನೇ ತೆಗೆದುಹಾಕುವುದು. ಗಾಯ ಮಾಯಲು ವಾರಗಳು ಬೇಕು, ಆದರೆ ಗುಣ ಹೆಚ್ಚು ಕಾಲ ನಿಲ್ಲುತ್ತದೆ. ನೆದರ್‌ಲೆಂಡ್ಸ್ ದೇಶದಲ್ಲಿ ಇವೆರಡನ್ನೂ ಹೋಲಿಸಿ 2012ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಐದು ವರ್ಷದಲ್ಲಿ ಸೂಜಿಯ ಕ್ರಮದಲ್ಲಿ ನೂರಕ್ಕೆ 85, ಶಸ್ತ್ರಕ್ರಿಯೆಯಲ್ಲಿ ನೂರಕ್ಕೆ 21 ಮರುಕಳಿಸಿದವು. ಚುಚ್ಚುಮದ್ದನ್ನೂ ಶಸ್ತ್ರಕ್ರಿಯೆಯನ್ನೂ ಬ್ರಿಟನ್ನಿನಲ್ಲಿ 672 ರೋಗಿಗಳಲ್ಲಿ ಹೋಲಿಸಿ ನೋಡಿದರು. 2024ರಲ್ಲಿ ಫಲ ಹೊರಬಂತು. ಒಂದು ವರ್ಷದ ಬಳಿಕ ಕೈಯ ಉಪಯೋಗದಲ್ಲಿ ಶಸ್ತ್ರಕ್ರಿಯೆಯೇ ಮೇಲಾಯಿತು. ಅಷ್ಟರಲ್ಲಿ ಯೂರೋಪಿನ ಮಾರುಕಟ್ಟೆಯಿಂದ ಈ ಮದ್ದು 2020ರಲ್ಲೇ ಹಿಂದೆ ಸರಿದಿತ್ತು. ಅದು ಅಪಾಯದ ಕಾರಣಕ್ಕಲ್ಲ, ವ್ಯಾಪಾರದ ಲೆಕ್ಕಾಚಾರದಿಂದ. ಅಮೆರಿಕದಲ್ಲಿ ಅದರ ಒಂದು ಸೀಸೆಗೆ ಸಾವಿರಾರು ಡಾಲರ್ ಬೆಲೆ.

ಆದ್ದರಿಂದ ಈ ಮದ್ದಿನ ಹೆಸರು ಹಿಡಿದುಕೊಂಡು ಅಂಗಡಿಯಿಂದ ಅಂಗಡಿಗೆ ಅಲೆಯಬೇಡಿರಿ. ಅದು ಸಿಗದಿದ್ದರೆ ಕೈ ಹೋಯಿತು ಎಂದೂ ಎದೆಗುಂದಬೇಡಿರಿ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೂಳೆ ವಿಭಾಗಕ್ಕೋ ಪ್ಲಾಸ್ಟಿಕ್ ಸರ್ಜರಿ ವಿಭಾಗಕ್ಕೋ ಹೋಗಿ ಕೈ ತೋರಿಸಿರಿ. ನಿಮ್ಮ ವಯಸ್ಸು, ಬಾಗಿದ ಗಿಣ್ಣು, ನಿಮ್ಮ ಕೆಲಸ ಇಷ್ಟನ್ನೂ ನೋಡಿ ಯಾವ ದಾರಿ ಸರಿ ಎಂದು ಅವರು ಹೇಳುತ್ತಾರೆ. ನಾಟಿಯೋ ಸುಗ್ಗಿಯೋ ಎದುರಿಗಿದ್ದರೆ ಅದನ್ನೂ ಅವರಿಗೆ ತಿಳಿಸಿರಿ. ಗಾಯ ಆರದ ಕೈಯನ್ನು ಕೆಸರಿಗೆ, ಸಗಣಿಗೆ ಇಡಕೂಡದು. ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯೇ ಎಂದು ಕೇಳಿಕೊಳ್ಳಿರಿ. ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಹತೋಟಿಯಲ್ಲಿಡಿರಿ.

ಯಾವಾಗ ಹೋಗಬೇಕು? ಬರಿಯ ಗಂಟಿದ್ದು ಬೆರಳು ನೆಟ್ಟಗಿದ್ದರೆ ಅವಸರವಿಲ್ಲ. ಒಮ್ಮೆ ತೋರಿಸಿ, ಗಮನಿಸುತ್ತಿದ್ದರೆ ಸಾಕು. ಎಷ್ಟೋ ಜನರಲ್ಲಿ ಅದು ಅಷ್ಟಕ್ಕೇ ನಿಲ್ಲುತ್ತದೆ. ಬುಡದ ಗಿಣ್ಣು ಗಡಿಯಾರದ 12ಕ್ಕೂ 1ಕ್ಕೂ ಇರುವ ಅಂತರದಷ್ಟು, ಅಂದರೆ 30 ಡಿಗ್ರಿ, ಬಾಗಿದರೆ ಚಿಕಿತ್ಸೆಯ ಯೋಚನೆ ಮಾಡಬೇಕು. ನಡುಗಿಣ್ಣು ಬಾಗತೊಡಗಿದರೆ ಅಷ್ಟಕ್ಕೂ ಕಾಯಬಾರದು. ಎಣ್ಣೆ ಹಚ್ಚಿ ಎಳೆಸುವುದರಿಂದ ಹುರಿ ಸಡಿಲವಾಗದು. ಬಲವಂತ ಮಾಡಿದರೆ ಗಾಯವೇ ಲಾಭ.

ನಾನು ಮೊದಲು ಹೇಳಿದ ಹಲಗೆಯ ಪರೀಕ್ಷೆಗೆ ಕಾಸು ಬೇಡ, ವೈದ್ಯರೂ ಬೇಡ. ವರ್ಷಕ್ಕೆರಡು ಸಲ, ಬೇಕಿದ್ದರೆ ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ, ಮನೆಯ ಹಿರಿಯರ ಕೈಯನ್ನು ಮಣೆಯ ಮೇಲೆ ಊರಿಸಿ ನೋಡಿರಿ. ಕೈ ಸಮನಾಗಿ ಕೂರುವುದು ನಿಂತ ದಿನವೇ ವೈದ್ಯರ ಹತ್ತಿರ ಹೊರಡುವ ದಿನ. ನೇಗಿಲು ಮುರಿದರೆ ಇನ್ನೊಂದು ಮಾಡಿಸಬಹುದು, ಎತ್ತು ಸತ್ತರೆ ಸಾಲ ಮಾಡಿಯಾದರೂ ಇನ್ನೊಂದು ತರಬಹುದು. ಕೈ ಮಾತ್ರ ಇರುವುದು ಎರಡೇ. ಅದನ್ನು ವಲ್ಲಿಯ ಒಳಗೆ ಮುಚ್ಚಿಡದೆ, ಹೊರಗೆ ತೆಗೆದು ತೋರಿಸಿರಿ.